ಮೇಲಿನ ಮನೆ, ಕೆಳಗಿನ ಮನೆ: ಮಡಿಕೇರಿಯ ಬಗ್ಗೆ ಒಂದಿಷ್ಟು ಮಾತು

(ಮೈಸೂರಿನಲ್ಲಿ ಗೆಳೆಯರ ಬಳಗವೊಂದು ಜುಲೈ ತಿಂಗಳಲ್ಲಿ ಕರೆದು, ನಿಮ್ಮ ಊರಿನ ಬಗ್ಗೆ ಮಾತಾಡಿ ಅಂದಿತ್ತು. ಅಲ್ಲಿ ಆಡಿದ್ದನ್ನೇ ಇಲ್ಲಿ ಬರೆದಿದ್ದೇನೆ. ನಡುವೆ ಕೆಲವರು ಪ್ರಶ್ನೆ ಕೇಳಿದ್ದರು, ಅವಕ್ಕೆ ಕೊಟ್ಟ ಉತ್ತರವೂ ಇದರಲ್ಲೇ ಸೇರಿದೆ.)

ಎಲ್ಲರಿಗೂ ನಮಸ್ಕಾರ.

ನಮ್ಮ ಮನೆಗೆ ಮೊದಲ ಸಲ ಬರುವವರಿಗೆ ನಾವು ದಾರಿ ಹೇಳುವುದು ಹೀಗೆ. "ರಸ್ತೆ ಪಕ್ಕ ಒಂದು ನೀಲಿ ಗೇಟು ಸಿಗುತ್ತೆ. ಅಲ್ಲಿಂದ ಮೆಟ್ಟಿಲು ಇಳೀರಿ. 30 ಮೆಟ್ಟಿಲು ಇಳಿದ ಮೇಲೆ ಎಡಗಡೆ ಒಂದು ಮನೆ ಬರುತ್ತೆ, ಅದಲ್ಲ. ಇನ್ನೂ 22 ಇಳೀರಿ." ರಸ್ತೆಯಲ್ಲಿ ನಿಂತವರಿಗೆ ನಮ್ಮ ಮನೆಯ ಹಂಚು ಕಾಲಿನ ಕೆಳಗೆ ಕಾಣುತ್ತದೆ. ಒಟ್ಟು 52 ಮೆಟ್ಟಿಲು. ಗ್ಯಾಸ್ ಸಿಲಿಂಡರ್ ಬಂದರೆ ಹೆಗಲ ಮೇಲೆ ಹೊತ್ತು ಇಳಿಸಬೇಕು. ಫ್ರಿಜ್ ತಂದಾಗ ನಾಲ್ಕು ಜನ ಬೇಕಾಯಿತು. ಅಪ್ಪನಿಗೆ ಎದೆನೋವು ಬಂದ ದಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ, ಬೀದಿಯ ಹುಡುಗರು ನಾಲ್ಕೂ ಕಾಲು ಹಿಡಿದು ಮೇಲೆ ಹತ್ತಿಸಿದರು. ಆಂಬುಲೆನ್ಸ್ ರಸ್ತೆಯಲ್ಲಿ ಕಾಯುತ್ತಿತ್ತು. ಅದಕ್ಕೆ ಅಲ್ಲಿಂದ ಮುಂದೆ ಬರುವ ದಾರಿಯೇ ಇಲ್ಲ.

ಇದನ್ನು ಮೊದಲೇ ಯಾಕೆ ಹೇಳಿದೆ ಅಂದರೆ, ಇಲ್ಲಿ ಕೂತಿರುವ ನೀವೆಲ್ಲ ಮಡಿಕೇರಿಗೆ ಬಂದವರೇ. ಕೈ ಎತ್ತಿ ಅಂದಾಗ ಎಲ್ಲರೂ ಎತ್ತಿದಿರಿ. ರಾಜಾಸೀಟು ನೋಡಿದ್ದೀರಿ, ಅಬ್ಬಿ ಜಲಪಾತ ನೋಡಿದ್ದೀರಿ, ಓಂಕಾರೇಶ್ವರನ ಕೆರೆಯ ಮುಂದೆ ಫೋಟೋ ತೆಗೆಸಿಕೊಂಡಿದ್ದೀರಿ. ಅದರಲ್ಲಿ ತಪ್ಪೇನಿಲ್ಲ. ಆದರೆ ರಸ್ತೆಯಿಂದ ಕೆಳಗೆ ಇಳಿದವರು ಎಷ್ಟು ಜನ ಅಂತ ಕೇಳಿದಾಗ ಒಂದು ಕೈಯೂ ಏಳಲಿಲ್ಲ. ಊರಿನ ಅರ್ಧ ಬದುಕು ಆ ಮೆಟ್ಟಿಲುಗಳ ಕೆಳಗೇ ಇದೆ. ಇವತ್ತು ನಿಮ್ಮನ್ನು ಅಲ್ಲಿಗೆ ಇಳಿಸಬೇಕು ಅಂತ ನನ್ನ ಆಸೆ.

ಬಯಲು ಸೀಮೆಯಲ್ಲಿ ನೆರೆಮನೆಯವರು ಪಕ್ಕದಲ್ಲಿರುತ್ತಾರೆ. ನಮ್ಮಲ್ಲಿ ಅವರು ಮೇಲೆ ಮತ್ತು ಕೆಳಗೆ ಇರುತ್ತಾರೆ. ನಮ್ಮ ಮೇಲಿನ ಮನೆಯಲ್ಲಿ ಸೈನ್ಯದಿಂದ ನಿವೃತ್ತರಾದ ಕೊಡವ ತಾತ ಇದ್ದರು. ಕೆಳಗಿನ ಮನೆಯಲ್ಲಿ ಚೇಚಿ. ಕೇರಳದ ತಲಶ್ಶೇರಿ ಕಡೆಯಿಂದ ಮದುವೆಯಾಗಿ ಬಂದವರು. ಚೇಚಿ ಅಂದರೆ ಮಲಯಾಳದಲ್ಲಿ ಅಕ್ಕ. ನಮ್ಮಮ್ಮನಿಗೂ ಚೇಚಿ, ನಮಗೂ ಚೇಚಿ, ಈಗ ನನ್ನ ಮಗನಿಗೂ ಚೇಚಿಯೇ. ನಮ್ಮ ಮನೆಯಲ್ಲಿ ಮಾತು ಅರೆಭಾಷೆ, ಮೇಲಿನವರದ್ದು ಕೊಡವ ತಕ್ಕ್, ಕೆಳಗಿನವರದ್ದು ಮಲಯಾಳ, ಎದುರು ಸಾಲಿನಲ್ಲಿ ಒಂದು ತುಳು ಮನೆ, ಒಂದು ಬ್ಯಾರಿ ಮನೆ. ಬೀದಿಗೆ ಬಂದರೆ ಎಲ್ಲರದ್ದೂ ಕನ್ನಡ.

ಈಗ ನೀರನ್ನು ನೋಡಿ. ತಾತನ ಅಂಗಳದ ನೀರು ನಮ್ಮ ಮನೆಯ ಹಿಂದಿನ ಬರೆಗೆ ಬರುತ್ತದೆ. ಬರೆ ಅಂದರೆ ಮನೆ ಕಟ್ಟಲು ಜಾಗ ಮಟ್ಟ ಮಾಡುವಾಗ ಗುಡ್ಡವನ್ನು ಕಡಿದಲ್ಲಿ ನಿಲ್ಲುವ ಮಣ್ಣಿನ ಗೋಡೆ. ಮಲೆನಾಡಿನ ಬೇರೆ ಕಡೆ ಧರೆ ಅನ್ನುತ್ತಾರೆ. ನಮ್ಮ ಅಂಗಳದ ನೀರು ಚೇಚಿಯ ಅಡುಗೆಮನೆ ಹಿಂದಿನ ಬರೆಗೆ ಇಳಿಯುತ್ತದೆ. ಚೇಚಿಯ ಮನೆಯ ನೀರು ಅದರ ಕೆಳಗಿನವರಿಗೆ. ಹೀಗೆ ಇಳಿದು ಇಳಿದು ಕೊನೆಗೆ ತೋಡಿಗೆ, ಅಂದರೆ ಸಣ್ಣ ಹಳ್ಳಕ್ಕೆ, ಸೇರುತ್ತದೆ. ನಾನು ಆರನೇ ಕ್ಲಾಸಿನಲ್ಲಿದ್ದಾಗ ನಮ್ಮ ಬಚ್ಚಲ ನೀರು ಚೇಚಿಯ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಬೀಳುತ್ತದೆ ಅಂತ ದೊಡ್ಡ ಜಗಳವೇ ಆಗಿತ್ತು. ಎರಡು ತಿಂಗಳು ಮಾತಿಲ್ಲ. ಆಮೇಲೆ ಅಪ್ಪ ಪೈಪು ತಂದರು, ಚೇಚಿಯ ಗಂಡ ತಮ್ಮ ಜಾಗದ ಅಂಚಿನಲ್ಲಿ ಅದನ್ನು ಹಾಕಲು ಬಿಟ್ಟರು, ಇಬ್ಬರೂ ಸೇರಿ ಒಂದು ಭಾನುವಾರ ಪೂರ್ತಿ ಗುಂಡಿ ತೆಗೆದರು. ಸಂಜೆ ಒಂದೇ ಚಾಪೆ ಮೇಲೆ ಕೂತು ಚಹಾ ಕುಡಿದರು. ನನ್ನ ಪ್ರಕಾರ ಬೆಟ್ಟದ ಊರಿನ ಆಡಳಿತ ಶುರುವಾಗುವುದೇ ಆ ಪೈಪಿನಿಂದ.

ಸ್ವಲ್ಪ ಹಿಂದಿನ ಕತೆ ಹೇಳಿ ಮುಂದಕ್ಕೆ ಹೋಗುತ್ತೇನೆ. ಹಾಲೇರಿ ವಂಶದ ಮುದ್ದುರಾಜ 1681ರಲ್ಲಿ ರಾಜಧಾನಿಯನ್ನು ಇಲ್ಲಿಗೆ ತಂದ. ಮುದ್ದುರಾಜನ ಕೇರಿ ಅನ್ನುವುದೇ ಮಡಿಕೇರಿ ಆಯಿತು. ಮೊದಲು ಮಣ್ಣಿನ ಕೋಟೆ, ಆಮೇಲೆ ಟಿಪ್ಪುವಿನ ಕಾಲದಲ್ಲಿ ಕಲ್ಲಿನದ್ದು. ಒಳಗಿನ ಅರಮನೆ 1812ರಿಂದ 1814ರವರೆಗೆ ಲಿಂಗರಾಜೇಂದ್ರ ಕಟ್ಟಿಸಿದ್ದು, ಓಂಕಾರೇಶ್ವರ ದೇವಸ್ಥಾನ 1820ರದ್ದು. 1834ರಲ್ಲಿ ಕೊನೆಯ ರಾಜ ಚಿಕ್ಕವೀರರಾಜೇಂದ್ರನನ್ನು ಇಳಿಸಿ ಬ್ರಿಟಿಷರು ಬಂದರು. ಶತ್ರು ಸುಲಭವಾಗಿ ಹತ್ತಬಾರದು ಅಂತಲೇ ಆರಿಸಿಕೊಂಡ ಜಾಗ ಇದು. ಸಮುದ್ರ ಮಟ್ಟದಿಂದ 1,100 ಮೀಟರ್‌ಗಿಂತ ಮೇಲಿದೆ. ಈಗಲೂ ಕೊಡಗು ಜಿಲ್ಲೆಯಲ್ಲಿ ಒಂದೇ ಒಂದು ರೈಲು ನಿಲ್ದಾಣ ಇಲ್ಲ.

ಇನ್ನೊಂದು ವಿಷಯ ಈಗಿನ ಮಕ್ಕಳಿಗೆ ಹೇಳಿದರೆ ನಂಬುವುದಿಲ್ಲ. ಈ ಪುಟ್ಟ ಊರು ಒಂದು ರಾಜ್ಯದ ರಾಜಧಾನಿ ಆಗಿತ್ತು. 1950ರಿಂದ 1956ರವರೆಗೆ ಕೊಡಗು ಪ್ರತ್ಯೇಕ ರಾಜ್ಯ, ಕೇಂದ್ರದ ಹತೋಟಿಯಲ್ಲಿದ್ದ 'ಸಿ' ದರ್ಜೆಯದ್ದು. 24 ಜನರ ವಿಧಾನಸಭೆ, ಸಿ.ಎಂ. ಪೂಣಚ್ಚ ಮುಖ್ಯಮಂತ್ರಿ. 1956ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರಿತು. ಕೋಟೆಯೊಳಗಿನ ಹಳೆ ವಿಧಾನ ಸಭಾಂಗಣಕ್ಕೆ ಜನ ಇವತ್ತೂ ಆ ಹೆಸರಿಟ್ಟೇ ಕರೆಯುತ್ತಾರೆ. ವಿಧಾನಸಭೆ ಅಂದರೆ ಆಗ ನಡೆದುಕೊಂಡು ಹೋಗುವಷ್ಟು ಹತ್ತಿರ ಇತ್ತು ಅಂತ ತಾತ ಹೇಳುತ್ತಿದ್ದರು.

ಈಗ ನಗರಸಭೆ. 2011ರ ಜನಗಣತಿಯಲ್ಲಿ ಮಡಿಕೇರಿಯ ಜನಸಂಖ್ಯೆ 33,381. ಸಾಮಾನ್ಯವಾಗಿ 50,000 ದಾಟಿದ ಊರಿಗೆ ನಗರಸಭೆ. ನಮ್ಮದು ಜಿಲ್ಲಾ ಕೇಂದ್ರ, ಹಾಗಾಗಿ ನಗರಸಭೆ. 23 ವಾರ್ಡು. ಹೆಸರು ನಗರದ್ದು, ಗುಣ ಹಳ್ಳಿಯದ್ದು. ಮಹದೇವಪೇಟೆಯಿಂದ ಚೌಕಿವರೆಗೆ ನಡೆದರೆ ಹತ್ತು ಜನ ನಿಲ್ಲಿಸಿ ಮಾತಾಡಿಸುತ್ತಾರೆ. ಯಾರ ಮನೆಯ ಕಾಫಿ ಕೊಯ್ಲು ಮುಗಿಯಿತು, ಯಾರ ಮಗಳಿಗೆ ಬೆಂಗಳೂರಲ್ಲಿ ಕೆಲಸ ಸಿಕ್ಕಿತು, ಮಾರ್ಚಿನಲ್ಲಿ ಕಾಫಿ ಹೂ ಅರಳಿಸುವ ಹೂಮಳೆ ಯಾವ ಕಡೆ ಬಿತ್ತು ಯಾವ ಕಡೆ ಕೈಕೊಟ್ಟಿತು, ಎಲ್ಲ ಅಲ್ಲೇ ಗೊತ್ತಾಗುತ್ತದೆ. ವಾರ್ಡಿನ ಸದಸ್ಯರಿಗೆ ಅರ್ಜಿ ಕೊಡುವವರು ಕಡಿಮೆ. ಸಿಕ್ಕಿದಲ್ಲಿ ಹಿಡಿದು ಹೇಳುವವರೇ ಜಾಸ್ತಿ.

ಹಳ್ಳಿಯ ಗುಣ ಎದ್ದು ಕಾಣುವುದು ಶುಕ್ರವಾರ. ಅವತ್ತು ಸಂತೆ. ಗಾಳಿಬೀಡು, ಮಕ್ಕಂದೂರು, ಬೆಟ್ಟಗೇರಿ ಕಡೆಯಿಂದ ಬಸ್ಸಿನ ತುಂಬ ಜನ ಇಳಿಯುತ್ತಾರೆ. ಮಳೆಗಾಲದಲ್ಲಿ ಅಣಬೆ, ಕಣಿಲೆ ಅನ್ನುವ ಎಳೆ ಬಿದಿರು, ಕೆಸುವಿನ ಎಲೆ, ಏಡಿ. ಕಕ್ಕಡ ತಿಂಗಳಲ್ಲಿ ಮದ್ದುಸೊಪ್ಪಿನ ಕಟ್ಟು. ಕಕ್ಕಡದ 18ನೇ ದಿನ, ಅಂದರೆ ಆಗಸ್ಟ್ ಶುರುವಿನ ಹೊತ್ತಿಗೆ, ಆ ಸೊಪ್ಪಿನಲ್ಲಿ 18 ಬಗೆಯ ಔಷಧ ಸೇರಿರುತ್ತದೆ ಅಂತ ನಂಬಿಕೆ. ಕುದಿಸಿದರೆ ನೀರು ಕಡು ನೇರಳೆ ಆಗುತ್ತದೆ, ಅದರಲ್ಲಿ ಪಾಯಸ ಮಾಡುತ್ತಾರೆ. ಆ ದಿನ ಊರಲ್ಲಿ ಯಾವ ಮನೆಗೆ ಹೋದರೂ ಅದೇ ವಾಸನೆ. ಜಾತಿ ಧರ್ಮ ಕೇಳದೆ ಎಲ್ಲರೂ ಕೊಳ್ಳುತ್ತಾರೆ. ಚೇಚಿಯಂತೂ ನಮಗಿಂತ ಮೊದಲೇ ತಂದಿಟ್ಟಿರುತ್ತಾರೆ.

ಮಳೆ ಬಗ್ಗೆ ಹೇಳದಿದ್ದರೆ ಏನೂ ಹೇಳಿದ ಹಾಗಾಗುವುದಿಲ್ಲ, ಅಲ್ವಾ. ವರ್ಷಕ್ಕೆ 3,000 ಮಿಲಿಮೀಟರ್‌ಗಿಂತ ಜಾಸ್ತಿ ಬೀಳುತ್ತದೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕೇ ತಿಂಗಳಲ್ಲಿ. ಬಟ್ಟೆ ಒಣಗುವುದಿಲ್ಲ. ಮಕ್ಕಳ ಯೂನಿಫಾರ್ಮನ್ನು ಒಲೆಯ ಮೇಲೆ ಕಟ್ಟಿದ ಹಗ್ಗಕ್ಕೆ ಹಾಕಬೇಕು, ಶಾಲೆಯಲ್ಲಿ ಎಲ್ಲ ಮಕ್ಕಳ ಮೈಯಿಂದಲೂ ಹೊಗೆಯ ವಾಸನೆ ಬರುತ್ತದೆ. ಚಪ್ಪಲಿಗೆ, ಬೆಲ್ಟಿಗೆ, ಪುಸ್ತಕದ ಬೆನ್ನಿಗೆ ಬೂಷ್ಟು. ವಾರಗಟ್ಟಲೆ ಮಂಜು ಕಿಟಕಿಯೊಳಗೇ ನುಗ್ಗುತ್ತದೆ. ಕರೆಂಟು ಹೋದರೆ ಯಾವಾಗ ಬರುತ್ತದೆ ಅಂತ ಯಾರೂ ಕೇಳುವುದಿಲ್ಲ, ಯಾಕೆಂದರೆ ಮರ ಎಲ್ಲಿ ಬಿದ್ದಿದೆ ಅಂತ ಹುಡುಕುತ್ತಾ ಲೈನ್‌ಮ್ಯಾನ್ ಆ ಮಳೆಯಲ್ಲಿ ಎಲ್ಲೋ ನಡೆಯುತ್ತಿರುತ್ತಾನೆ ಅಂತ ಎಲ್ಲರಿಗೂ ಗೊತ್ತು. ಅಷ್ಟು ಮಳೆಯ ಊರಿನಲ್ಲಿ ಮಾರ್ಚ್ ಏಪ್ರಿಲ್ ಬಂತೆಂದರೆ ಕುಡಿಯುವ ನೀರಿಗೆ ಬಿಂದಿಗೆ ಸಾಲು. ಬಿದ್ದ ನೀರೆಲ್ಲ ಇಳಿದು ಹೋಗುತ್ತದೆ, ನಿಲ್ಲುವುದಿಲ್ಲ. ಕೂಟುಹೊಳೆಯ ನೀರನ್ನು ಪಂಪು ಹಾಕಿ ಮೇಲೆತ್ತಿ ಊರಿಗೆ ಕೊಡಬೇಕು. ಕರೆಂಟು ಇಲ್ಲ ಅಂದರೆ ಪಂಪಿಲ್ಲ, ಪಂಪಿಲ್ಲ ಅಂದರೆ ನಲ್ಲಿಯಲ್ಲಿ ನೀರಿಲ್ಲ. ಹೊರಗೆ ಧೋ ಅಂತ ಮಳೆ ಸುರಿಯುತ್ತಿರುವಾಗಲೇ ಹಂಚಿನ ಅಂಚಿಗೆ ಬಕೆಟ್ ಇಟ್ಟು ನೀರು ಹಿಡಿದ ದಿನಗಳು ಎಷ್ಟೋ.

ಕಸದ ಸಂಗತಿಯೂ ಇದೇ ಮೆಟ್ಟಿಲಿನದ್ದು. ಕಸದ ಗಾಡಿ ರಸ್ತೆಯಲ್ಲಿ ಹಾಡು ಹಾಕಿಕೊಂಡು ಬರುತ್ತದೆ. ಕೆಳಗಿನ ಮನೆಯವರು ಬಕೆಟ್ ಹಿಡಿದು ಹತ್ತಿ ಬರುವಷ್ಟರಲ್ಲಿ ಗಾಡಿ ಮುಂದಿನ ತಿರುವಿನಲ್ಲಿರುತ್ತದೆ. ಮಂಡಿ ನೋವಿರುವ ವಯಸ್ಸಾದವರು ಏನು ಮಾಡಬೇಕು? ಹಿತ್ತಲಿನ ಆಚೆ ಕೊಲ್ಲಿ ಇದೆ, ಅಂದರೆ ಗುಡ್ಡದ ಸಂದಿನ ತಗ್ಗು, ಅಲ್ಲಿಗೆ ಎಸೆಯುತ್ತಾರೆ. ನಾನು ಅದನ್ನು ಸರಿ ಅನ್ನುವುದಿಲ್ಲ. ಆದರೆ ಹೊರಗಿನಿಂದ ಬಂದವರು ಜನಕ್ಕೆ ಶಿಸ್ತಿಲ್ಲ ಅಂದಾಗ ನನಗೆ ಬೇಜಾರಾಗುತ್ತದೆ. ನಮ್ಮ ಬೀದಿಗೆ ಬರುವ ಪೌರಕಾರ್ಮಿಕ ಅಕ್ಕ ಇದನ್ನು ಅರ್ಥ ಮಾಡಿಕೊಂಡಿದ್ದಾಳೆ. ಮೇಲೆ ನಿಂತು "ಅಮ್ಮಾ, ಕಟ್ಟಿ ಇಟ್ಟಿದ್ದೀರಾ?" ಅಂತ ಕೂಗುತ್ತಾಳೆ. ಹೂಂ ಅಂದರೆ ತಾನೇ 52 ಮೆಟ್ಟಿಲು ಇಳಿದು ಬಂದು ಒಯ್ಯುತ್ತಾಳೆ. ಅದು ಅವಳ ಕೆಲಸದ ಪಟ್ಟಿಯಲ್ಲಿ ಇಲ್ಲ, ಅದಕ್ಕೆ ಬೇರೆ ಸಂಬಳವೂ ಇಲ್ಲ. ಬೆಟ್ಟದ ಊರಿನಲ್ಲಿ ಒಂದು ಮನೆಯ ಕಸ ಎತ್ತುವುದು ಬಯಲಿನಲ್ಲಿ ನಾಲ್ಕು ಮನೆಯ ಕಸ ಎತ್ತಿದ ಹಾಗೆ. ಜನ ಲೆಕ್ಕ ಹಾಕಿ ಆಳು ಕೊಟ್ಟರೆ ಸಾಲದು, ಮೆಟ್ಟಿಲು ಲೆಕ್ಕ ಹಾಕಿ ಕೊಡಬೇಕು.

ಈಗ 2018. ಆ ವರ್ಷದ ಬಗ್ಗೆ ಮಾತಾಡದೆ ನಮ್ಮ ಊರಿನವರು ಯಾರೂ ಮಾತು ಮುಗಿಸುವುದಿಲ್ಲ.

ನಮ್ಮ ಮನೆಗೂ ಚೇಚಿ ಮನೆಗೂ ನಡುವೆ ಒಂದು ಕಲ್ಲಿನ ತಡೆಗೋಡೆ ಇತ್ತು. ಹತ್ತಡಿ ಎತ್ತರ. ಅದರಲ್ಲಿ ಅಲ್ಲಲ್ಲಿ ಪೈಪಿನ ತುಂಡುಗಳನ್ನು ಕೂರಿಸಿರುತ್ತಾರೆ, ಗೋಡೆಯ ಹಿಂದಿನ ಮಣ್ಣು ಕುಡಿದ ನೀರು ಹೊರಗೆ ಬರಲಿ ಅಂತ. ಆ ನೀರು ಬರದೆ ಒಳಗೇ ನಿಂತರೆ ಮಣ್ಣು ಭಾರ ಆಗುತ್ತದೆ, ಗೋಡೆಗೆ ಹೊಟ್ಟೆ ಬರುತ್ತದೆ, ಒಂದು ದಿನ ಕೂರುತ್ತದೆ. ನೀರು ಬಂದರೂ ಅದರ ಬಣ್ಣ ನೋಡಬೇಕು. ತಿಳಿಯಾಗಿ ಬಂದರೆ ಚಿಂತೆ ಇಲ್ಲ. ಕೆಂಪಾಗಿ ಬಂದರೆ ಅದರ ಜೊತೆ ಗುಡ್ಡದ ಮಣ್ಣೂ ಬರುತ್ತಿದೆ ಅಂತ ಅರ್ಥ. ಈ ಗೋಡೆ ನಿಂತಿರುವುದು ನಮ್ಮ ಅಂಗಳವನ್ನು ಹಿಡಿದುಕೊಂಡು, ಆದರೆ ನಮಗೆ ಅದು ಕಾಣುವುದಿಲ್ಲ. ಕಾಣುವುದು ಚೇಚಿಗೆ, ಅವರ ಅಡುಗೆಮನೆ ಕಿಟಕಿಯಿಂದ. ಹಾಗಾಗಿ ನಮ್ಮ ಮನೆಯ ಕ್ಷೇಮ ಸಮಾಚಾರ ನಮಗೆ ಗೊತ್ತಾಗುತ್ತಿದ್ದದ್ದು ಅವರಿಂದಲೇ.

ಆಗಸ್ಟ್ 16ರ ರಾತ್ರಿ. ಅದಕ್ಕೂ ಮೊದಲು ಜೂನ್ ಜುಲೈನಲ್ಲೂ ಬಿಡದೆ ಮಳೆ ಬಂದು ಗುಡ್ಡ ಪೂರ್ತಿ ನೆನೆದು ಕೂತಿತ್ತು. ಸಂಜೆಯಿಂದ ಚೇಚಿ ಟಾರ್ಚು ಹಾಕಿ ನೋಡುತ್ತಲೇ ಇದ್ದರಂತೆ. ಒಂಬತ್ತು ಗಂಟೆಗೆ ಚಹಾದ ಬಣ್ಣ. ಹತ್ತೂವರೆಗೆ ಕೆಳಗಿನಿಂದ ಕೂಗು ಕೇಳಿತು. "ಮೇಷ್ಟ್ರೇ, ನೀರು ಕೆಂಪಾಯ್ತು! ಎಲ್ಲಾರೂ ಹೊರಗೆ ಬನ್ನಿ!" ಅಪ್ಪ ತೀರಿಹೋಗಿ ಆಗಲೇ ಮೂರು ವರ್ಷ ಆಗಿತ್ತು. ಗಾಬರಿಯಲ್ಲಿ ಚೇಚಿಯ ಬಾಯಿಗೆ ಬಂದದ್ದು ಅಪ್ಪನನ್ನು ಕರೆಯುತ್ತಿದ್ದ ಅದೇ ಹಳೆಯ ಕರೆ. ನಾವು ಎದ್ದೆವು, ಅಮ್ಮನನ್ನು ಅದೇ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿದೆವು, ಚೇಚಿಯ ಮನೆಯವರು ಕೆಳಗಿನಿಂದ ಹತ್ತಿ ಬಂದರು, ಎಲ್ಲ ಸೇರಿ ಆ ಕತ್ತಲಲ್ಲಿ, ಮೆಟ್ಟಿಲ ಮೇಲೆ ಹೊಳೆಯ ಹಾಗೆ ಇಳಿಯುತ್ತಿದ್ದ ನೀರಿನಲ್ಲಿ, ಒಂದೊಂದೇ ಮೆಟ್ಟಿಲು ಕಾಲಲ್ಲಿ ತಡವುತ್ತಾ ರಸ್ತೆಗೆ ಬಂದೆವು. ಬೆಳಗ್ಗೆ ನೋಡಿದರೆ ಗೋಡೆಯ ನಡುಭಾಗ ಇಲ್ಲ. ನಮ್ಮ ಅಂಗಳದ ನಾಲ್ಕಡಿ, ಅಮ್ಮನ ದಾಸವಾಳದ ಗಿಡದ ಸಮೇತ, ಚೇಚಿಯ ಅಡುಗೆಮನೆ ಒಳಗಿತ್ತು. ಒಲೆ ಇದ್ದ ಜಾಗದಲ್ಲಿ ಆ ಗಿಡ ನೆಟ್ಟಗೆ ನಿಂತಿತ್ತು.

ನಮ್ಮದು ಅಷ್ಟರಲ್ಲೇ ಮುಗಿಯಿತು. ಅದೇ ದಿನಗಳಲ್ಲಿ ಮಕ್ಕಂದೂರು, ಜೋಡುಪಾಲ, ಮೊಣ್ಣಂಗೇರಿ, ಹೆಬ್ಬೆಟ್ಟಗೇರಿ ಕಡೆ ಇಡೀ ಇಡೀ ಗುಡ್ಡಗಳೇ ಜಾರಿದವು. ಜೀವ ಹೋಯಿತು, ಮನೆ ಹೋಯಿತು, ತೋಟ ಹೋಯಿತು. ಸಂಪಾಜೆ ಕಡೆಯ ಹೆದ್ದಾರಿ ಮುಚ್ಚಿಹೋಗಿ ಮಂಗಳೂರಿನ ದಾರಿಯೇ ಕಡಿದುಹೋಯಿತು. ಊರೊಳಗೆ ಇಂದಿರಾನಗರ, ಚಾಮುಂಡೇಶ್ವರಿ ನಗರ, ಮಂಗಳಾದೇವಿ ನಗರಗಳಲ್ಲಿ ಮನೆಗಳು ಬಿದ್ದವು. ಜನ ಅದನ್ನು ಜಲಸ್ಫೋಟ ಅಂದರು. ಭೂಮಿಯ ಹೊಟ್ಟೆ ಒಡೆದು ನೀರು ಚಿಮ್ಮಿದ್ದನ್ನು ಕಣ್ಣಾರೆ ಕಂಡವರಿಗೆ ಬೇರೆ ಪದ ತೋಚುವುದೂ ಇಲ್ಲ. ಆಮೇಲೆ ಬಂದು ಅಧ್ಯಯನ ಮಾಡಿದ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ, ಮನೆಗೆ ರಸ್ತೆಗೆ ಅಂತ ಇಳಿಜಾರನ್ನು ಕಡಿದದ್ದು, ನೀರು ಇಳಿಯುವ ಸಹಜ ದಾರಿಗಳನ್ನು ಮುಚ್ಚಿದ್ದು ದೊಡ್ಡ ಕಾರಣ ಅಂದಿತು. ಮಳೆ ಜೋರಿತ್ತು, ನಿಜ. ಆದರೆ ಗುಡ್ಡದ ಬುಡ ಕಡಿದು ಇಟ್ಟಿದ್ದವರು ನಾವೇ.

ನಮ್ಮ ಗೋಡೆಯ ಕತೆಯಲ್ಲೂ ಅದೇ. ಆ ಬೇಸಿಗೆಯಲ್ಲಿ ಪಕ್ಕದ ಜಾಗ ಕೊಂಡವರೊಬ್ಬರು ಕಾರು ನಿಲ್ಲಿಸಲು ಜೆಸಿಬಿ ತರಿಸಿ ಬರೆಯನ್ನು ನೆಟ್ಟಗೆ ಕಡಿಸಿದ್ದರು. ಎರಡೇ ದಿನದ ಕೆಲಸ. ಹಿಂದಿನವರು ಮನೆ ಕಟ್ಟುವಾಗ ಹೀಗೆ ಕಡಿಯುತ್ತಿರಲಿಲ್ಲ. ಗುಡ್ಡ ಹೇಗಿದೆಯೋ ಹಾಗೆ ಮೆಟ್ಟಿಲು ಮೆಟ್ಟಿಲಾಗಿ ಜಗುಲಿ ಒಂದು ಮಟ್ಟದಲ್ಲಿ, ಅಡುಗೆಮನೆ ಎರಡಡಿ ಕೆಳಗೆ ಅಂತ ಕಟ್ಟುತ್ತಿದ್ದರು. ನಮ್ಮ ಮನೆಯಲ್ಲೂ ಒಂದು ಕೋಣೆಯಿಂದ ಇನ್ನೊಂದಕ್ಕೆ ಹೋಗಲು ಮೂರು ಮೆಟ್ಟಿಲಿದೆ. ಕೈಯಲ್ಲಿ ಗುದ್ದಲಿ ಮಾತ್ರ ಇದ್ದಾಗ ಗುಡ್ಡದ ಮಾತು ಕೇಳಲೇಬೇಕಿತ್ತು.

ಇಲ್ಲೊಂದು ವಿಷಯ ಗಮನಿಸಿ. ಮೇಲಿನ ಮನೆಯವರು ನೀರು ಬಿಟ್ಟರೆ ಕೆಳಗಿನವರಿಗೆ ಆಪತ್ತು. ಇದು ಎಲ್ಲರಿಗೂ ಗೊತ್ತು. ಕೆಳಗಿನ ಮನೆಯವರು ಬುಡ ಕಡಿದರೆ ಮೇಲಿನವರಿಗೂ ಆಪತ್ತು. ಇದು ಮಾತ್ರ ಮನೆ ಬಿದ್ದ ಮೇಲೆಯೇ ಗೊತ್ತಾಗುತ್ತದೆ. ಈಗಿನ ಕಟ್ಟಡ ನಿಯಮಗಳಲ್ಲಿ ಸೈಟಿನ ಸುತ್ತ ಎಷ್ಟು ಅಡಿ ಬಿಡಬೇಕು ಅಂತ ಅಳೆಯುತ್ತಾರೆ, ಮುಂದೆ ಇಷ್ಟು, ಹಿಂದೆ ಇಷ್ಟು, ಪಕ್ಕಕ್ಕೆ ಇಷ್ಟು. ನಮ್ಮ ಊರಿಗೆ ಬೇಕಾದದ್ದು ಬೇರೆಯೇ ಪ್ರಶ್ನೆ: ನಿನ್ನ ಮೇಲೆ ಯಾರಿದ್ದಾರೆ, ನಿನ್ನ ಕೆಳಗೆ ಯಾರಿದ್ದಾರೆ, ನಿನ್ನ ನೀರು ಯಾರ ಜಾಗದ ಮೂಲಕ ಯಾವ ತೋಡಿಗೆ ಹೋಗುತ್ತದೆ? ಮನೆಯ ನಕ್ಷೆಗೆ ಸಹಿ ಹಾಕುವ ಮೊದಲು ಮೇಲಿನ ಮನೆಯವರನ್ನೂ ಕೆಳಗಿನ ಮನೆಯವರನ್ನೂ ಕರೆದು ಕೂರಿಸಿ ಕೇಳಬೇಕು. ಹತ್ತು ವರ್ಷದಿಂದ ನಾನು ಇದನ್ನು ಸಿಕ್ಕವರಿಗೆಲ್ಲ ಹೇಳುತ್ತಿದ್ದೇನೆ, ಇವತ್ತು ನಿಮಗೂ ಹೇಳುತ್ತಿದ್ದೇನೆ.

ನಿಮಗೆ ಯಾಕೆ ಅಂದರೆ, ನೀವೂ ನಮ್ಮ ಕೆಳಗಿನ ಮನೆಯವರೇ. ಮಡಿಕೇರಿ ಇರುವುದು ನೀರು ಎರಡಾಗಿ ಒಡೆಯುವ ಬೆಟ್ಟದ ಏಣಿನ ಹತ್ತಿರ. ಸಂಪಾಜೆ ಕಡೆಗೆ ಇಳಿದ ನೀರು ಪಯಸ್ವಿನಿ ಸೇರಿ ಅರಬ್ಬಿ ಸಮುದ್ರಕ್ಕೆ ಹೋಗುತ್ತದೆ. ಈಚೆ ಇಳಿದದ್ದು ಹಾರಂಗಿ ಸೇರಿ ಕಾವೇರಿಗೆ ಬರುತ್ತದೆ, ಕೆಆರ್‌ಎಸ್‌ಗೆ ಬರುತ್ತದೆ, ಮೈಸೂರಿನ ನಲ್ಲಿಗೆ, ಬೆಂಗಳೂರಿನ ನಲ್ಲಿಗೆ ಬರುತ್ತದೆ. ನಾವು ಕೊಲ್ಲಿಗೆ ಎಸೆದದ್ದೂ ಆ ಕಡೆಗೇ ಇಳಿಯುತ್ತದೆ, ಅದಕ್ಕೆ ನನಗೆ ನಾಚಿಕೆ ಇದೆ. ಹಾಗೆಯೇ ಶನಿವಾರ ಭಾನುವಾರ ಕೆಳಗಿನ ಊರುಗಳಿಂದ ಸಾವಿರಾರು ಕಾರು ಹತ್ತಿ ಬಂದು, ಕಣಿವೆ ಕಾಣುವ ಕೋಣೆಯೇ ಬೇಕು, ಕಾರು ಕೋಣೆಯ ಬಾಗಿಲಿಗೇ ಹೋಗಬೇಕು ಅಂದಾಗ, ಯಾರೋ ಒಬ್ಬ ಎಲ್ಲೋ ಒಂದು ಕಡೆ ಬರೆ ಕಡಿಸುತ್ತಾನೆ. ಬರಬೇಡಿ ಅಂತ ನಾನು ಹೇಳುವುದಿಲ್ಲ. ಹೋಂಸ್ಟೇ ಇಲ್ಲದಿದ್ದರೆ ಕಾಫಿ ಕರಿಮೆಣಸಿನ ರೇಟು ಬಿದ್ದ ವರ್ಷ ಎಷ್ಟೋ ಮನೆ ನಡೆಯುತ್ತಿರಲಿಲ್ಲ. ಬನ್ನಿ, ಆದರೆ ರಸ್ತೆಯಲ್ಲೇ ಕಾರು ಬಿಟ್ಟು ಮೆಟ್ಟಿಲು ಇಳಿದು ಬನ್ನಿ.

ಒಬ್ಬರು ಕೇಳಿದರು, ಇಷ್ಟೆಲ್ಲ ಕಷ್ಟ ಇರುವ ಊರನ್ನು ಬಿಟ್ಟು ಕೆಳಗೆ ಬರಬಾರದಾ ಅಂತ. ಪ್ರಶ್ನೆ ತಪ್ಪಲ್ಲ. ನನ್ನ ಓರಗೆಯವರಲ್ಲಿ ಅರ್ಧಕ್ಕರ್ಧ ಜನ ಮೈಸೂರು ಬೆಂಗಳೂರಿನಲ್ಲೇ ಇದ್ದಾರೆ. ಅವರ ಅಪ್ಪ ಅಮ್ಮ ಮಾತ್ರ ಮೆಟ್ಟಿಲ ಕೆಳಗೆ ಉಳಿದಿದ್ದಾರೆ. ನಮ್ಮಮ್ಮ ರಸ್ತೆಗೆ ಹತ್ತಿ ಬಂದು ಎರಡು ವರ್ಷ ಆಯಿತು. ಮಂಡಿ ಬಗ್ಗುವುದಿಲ್ಲ. ದಸರಾ ದಿನ ಮಾತ್ರ ಮೇಲೆ ಬರಬೇಕು ಅಂತ ಹಟ ಹಿಡಿಯುತ್ತಾರೆ, ಆ ಪ್ಲಾಸ್ಟಿಕ್ ಕುರ್ಚಿ ಮತ್ತೆ ಹೊರಗೆ ಬರುತ್ತದೆ.

ದಸರಾದ ಬಗ್ಗೆ ಹೇಳಲೇಬೇಕು, ಯಾಕೆಂದರೆ ನಿಮ್ಮ ಪ್ರಶ್ನೆಗೆ ಉತ್ತರ ಅದರಲ್ಲೇ ಇದೆ. ನವರಾತ್ರಿಯ ಮೊದಲ ದಿನ ಪಂಪಿನಕೆರೆಯಿಂದ ನಾಲ್ಕು ಶಕ್ತಿ ದೇವತೆಗಳ ಕರಗ ಹೊರಡುತ್ತದೆ: ಕುಂದುರುಮೊಟ್ಟೆ ಚೌಟಿ ಮಾರಿಯಮ್ಮ, ದಂಡಿನ ಮಾರಿಯಮ್ಮ, ಕಂಚಿ ಕಾಮಾಕ್ಷಿಯಮ್ಮ, ಕೋಟೆ ಮಾರಿಯಮ್ಮ. ರಾಜರ ಕಾಲದಲ್ಲಿ ಊರಿಗೆ ರೋಗ ಬಂದಾಗ ಶುರುವಾದದ್ದು ಅನ್ನುತ್ತಾರೆ. ವಿಜಯದಶಮಿ ರಾತ್ರಿ ಹತ್ತು ದೇವಸ್ಥಾನಗಳ ಹತ್ತು ಮಂಟಪ. ಮೈಸೂರಿನ ದಸರಾ ಹಗಲಿನದ್ದು, ನಮ್ಮದು ಬೆಳಗಿನ ಜಾವದವರೆಗೆ. ಟ್ರ್ಯಾಕ್ಟರ್ ಮೇಲೆ ಮನೆಯಷ್ಟು ಎತ್ತರದ ದೇವರು, ರಾಕ್ಷಸರು, ಕೈಕಾಲು ಆಡಿಸುವ ಬೊಂಬೆಗಳು, ಬೆಂಕಿ, ಹೊಗೆ, ಬೆಳಕು. ಒಂದೊಂದು ಮಂಟಪದ ಹಿಂದೆ ಆ ಬೀದಿಯ ಹುಡುಗರ ತಿಂಗಳುಗಟ್ಟಲೆ ಕೆಲಸ, ಚಂದಾ, ಜಗಳ, ರಾಜಿ.

ಎಲ್ಲರೂ ಮೇಲೆ ದೇವರ ಮುಖ ನೋಡುತ್ತಿರುವಾಗ ನೀವು ಒಮ್ಮೆ ಕೆಳಗೆ ಚಕ್ರ ನೋಡಿ. ಊರಿನ ರಸ್ತೆಗಳೆಲ್ಲ ಏರು, ಇಳಿತ, ತಿರುವು. ಅಷ್ಟು ಭಾರದ ಮಂಟಪ ಏರಿನಲ್ಲಿ ನಿಂತಾಗ ಹಿಂದಕ್ಕೆ ಜಾರದ ಹಾಗೆ ಚಕ್ರಕ್ಕೆ ಮರದ ತುಂಡು ಕೊಡುವುದಕ್ಕೆ ಅಂತಲೇ ಹುಡುಗರಿರುತ್ತಾರೆ. ಮಂಟಪ ಒಂದಡಿ ಹೋದರೆ ತುಂಡೂ ಒಂದಡಿ ಹೋಗಬೇಕು. ಅವರು ರಾತ್ರಿಯಿಡೀ ಬಗ್ಗಿಕೊಂಡೇ ಇರುತ್ತಾರೆ, ತಮ್ಮದೇ ಮಂಟಪದ ಮುಖವನ್ನು ನೋಡುವುದೇ ಇಲ್ಲ. ನಮ್ಮ ಊರಿನಲ್ಲಿ ಸ್ಕೂಟರ್ ನಿಲ್ಲಿಸಿದರೂ ಕಾರು ನಿಲ್ಲಿಸಿದರೂ ಚಕ್ರಕ್ಕೆ ಒಂದು ಕಲ್ಲು ಕೊಡುವುದು ಚಿಕ್ಕಂದಿನಿಂದ ಬಂದ ಅಭ್ಯಾಸ, ಪ್ರತಿ ಗೇಟಿನ ಹತ್ತಿರ ಅದಕ್ಕೇ ಅಂತ ಒಂದು ಕಲ್ಲು ಬಿದ್ದಿರುತ್ತದೆ. 2018ರ ಆಗಸ್ಟಿನಲ್ಲಿ ಅಮ್ಮನ ಕುರ್ಚಿಯ ಹಿಂದಿನ ಎರಡು ಕಾಲು ಹಿಡಿದವನು ನಮ್ಮ ಬೀದಿಯ ಮಂಟಪಕ್ಕೆ ಚಕ್ರದ ತುಂಡು ಕೊಡುವ ಹುಡುಗ. ಹೇಗೆ ಹಿಡಿಯಬೇಕು, ಎಲ್ಲಿ ನಿಲ್ಲಬೇಕು ಅಂತ ಅವನಿಗೆ ಯಾರೂ ಹೇಳಬೇಕಾಗಲಿಲ್ಲ. ಇಂಥ ಊರನ್ನು ಬಿಟ್ಟು ಬಾ ಅಂದರೆ ನಾನು ಹೇಗೆ ಬರಲಿ?

ಕೊನೆಗೆ ಒಬ್ಬ ಹುಡುಗಿ ಕೇಳಿದಳು, ಹಾಗಾದರೆ ಈಗ ಸಾಮಾನ್ಯ ಮನೆಯವರು ಮಾಡಬಹುದಾದ ಕೆಲಸ ಏನು ಅಂತ. ಮೇ ತಿಂಗಳ ಕೊನೆಯೊಳಗೆ ಮೂರು ಕೆಲಸ. ಮನೆಯ ಹಿಂದಿನ ಚರಂಡಿಯ ಮಣ್ಣು ಎತ್ತಿ, ನೀರು ಗುಡ್ಡದ ಒಳಗೆ ಇಂಗುವ ಬದಲು ತೋಡಿಗೆ ಹೋಗುವ ಹಾಗೆ ಮಾಡುವುದು. ಬರೆಯ ತುದಿಯಲ್ಲಿ ಬಿರುಕು ಬಿಟ್ಟಿದ್ದರೆ ಮಣ್ಣು ಗಟ್ಟಿಸಿ ಮುಚ್ಚಿ ಮೇಲೆ ಟಾರ್ಪಾಲು ಹಾಕುವುದು. ಮತ್ತೆ, ತಡೆಗೋಡೆಯ ಪೈಪುಗಳಿಗೆ ಕಬ್ಬಿಣದ ಸರಳು ಹಾಕಿ ಬೇರು, ಮಣ್ಣು, ಕಪ್ಪೆ ಗೂಡು ಏನಿದೆಯೋ ಎಳೆದು ತೆಗೆಯುವುದು. ಈ ಮೂರನೆಯದ್ದನ್ನು ನಾವು ಮಾಡಬೇಕಾದರೆ ಕೆಳಗಿನ ಮನೆಯವರ ಹಿತ್ತಲಿಗೆ ಹೋಗಬೇಕು. ಅವರ ಜೊತೆ ಮಾತು ಬಿಟ್ಟಿದ್ದರೆ ಹೋಗಲು ಆಗುವುದಿಲ್ಲ.

ನಮ್ಮ ಹೊಸ ಗೋಡೆಯಲ್ಲಿ ಮೂರು ಸಾಲು ಪೈಪಿದೆ. ಇವತ್ತು ಬೆಳಗ್ಗೆ ಆರು ಗಂಟೆಗೆ ಇಲ್ಲಿಗೆ ಹೊರಡುವ ಮೊದಲು ಕೆಳಗಿಳಿದು ಹೋಗಿ ನೋಡಿದೆ. ಚೇಚಿ ಆಗಲೇ ಕೊಡೆ ಹಿಡಿದು ಅಲ್ಲಿ ನಿಂತಿದ್ದರು. ಎಲ್ಲ ಪೈಪಿನಲ್ಲೂ ನೀರು ತಿಳಿಯಾಗಿತ್ತು. ಕೆಳಗಿನ ಸಾಲಿನ ಎಡಗಡೆಯ ಒಂದರಲ್ಲಿ ಮಾತ್ರ ನೀರೇ ಬರುತ್ತಿರಲಿಲ್ಲ. ಚೇಚಿ ಅದನ್ನೇ ತೋರಿಸಿ, ಸಂಜೆ ಬೇಗ ಬಾ ಅಂದರು. ಸರಳು ಅವರ ಮನೆಯಲ್ಲೇ ಇದೆ. ಐದೂವರೆ ಬಸ್ಸು ಸಿಕ್ಕಿದರೆ ರಾತ್ರಿ ಊಟದ ಹೊತ್ತಿಗೆ ಮುಟ್ಟುತ್ತೇನೆ.